ಖಾಲಿ ಜಾಗವನ್ನಾದರೂ ಬಿಡಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನನ್ನ ಮಗಳು ವಾಟ್ಸಾಪ್‌ನಲ್ಲಿ ಒಂದು ಯೂಟ್ಯೂಬ್ ವಿಡಿಯೊ ಕಳಿಸಿದಳು. ಅವಳಿರುವುದು ಜರ್ಮನಿಯಲ್ಲಿ, ನಾನು ಶಿವಮೊಗ್ಗದಲ್ಲಿ. 'ಅಪ್ಪಾ, ಇದನ್ನ ಪೂರ್ತಿ ನೋಡು, ಆಮೇಲೆ ಮಾತಾಡೋಣ' ಎಂದು ಬರೆದಿದ್ದಳು. ಒತ್ತಿದೆ, ಕಪ್ಪು ಪರದೆ ಬಂತು. ದೇಶದ ಭದ್ರತೆ ಅಥವಾ ಸಾರ್ವಜನಿಕ ಶಾಂತಿಗೆ ಸಂಬಂಧಪಟ್ಟ ಸರ್ಕಾರದ ಆದೇಶ ಇರುವುದರಿಂದ ಇದು ಈ ದೇಶದಲ್ಲಿ ಸಿಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಯಾರ ಆದೇಶ, ಯಾವತ್ತಿನದು, ವಿಡಿಯೊದ ಯಾವ ಮಾತಿಗೆ, ಒಂದೂ ಇಲ್ಲ. ರಾತ್ರಿ ಮಗಳು ಫೋನ್ ಮಾಡಿದಾಗ ಅವಳೇ ಅದರಲ್ಲಿ ಏನಿದೆ ಎಂದು ಬಾಯಲ್ಲಿ ಹೇಳಿದಳು. ನನ್ನ ದೇಶದ ಬಗ್ಗೆ, ನನ್ನ ತೆರಿಗೆಯಲ್ಲಿ ನಡೆಯುವ ಸರ್ಕಾರದ ಬಗ್ಗೆ ಒಬ್ಬರು ಆಡಿದ ಮಾತನ್ನು ಜರ್ಮನಿಯಲ್ಲಿ ಕೂತವರು ಕೇಳಬಹುದು, ಇಲ್ಲಿ ವೋಟು ಹಾಕುವ ನಾನು ಕೇಳುವ ಹಾಗಿಲ್ಲ.

ಆ ಮಾತು ಸರಿಯೋ ತಪ್ಪೋ ಎಂದು ನಾನು ಈ ಪತ್ರ ಬರೆಯುತ್ತಿಲ್ಲ. ಅದು ನನಗೆ ಗೊತ್ತಿಲ್ಲ, ನೋಡಿಯೇ ಇಲ್ಲವಲ್ಲ. ನಾನು ಬರೆಯುತ್ತಿರುವುದು ಆ ಕಪ್ಪು ಪರದೆಯ ಬಗ್ಗೆ. ಅದನ್ನು ನೋಡಿದ ತಕ್ಷಣ ನನಗೆ ಐವತ್ತು ವರ್ಷ ಹಿಂದಿನ ಒಂದು ಗುರುವಾರ ರಾತ್ರಿ ನೆನಪಾಯಿತು.

ನಾನು ಮೊಳೆ ಜೋಡಿಸುವ ಕೆಲಸದಲ್ಲಿದ್ದವನು. ಈಗಿನ ಹುಡುಗರಿಗೆ ಹೇಳಬೇಕೆಂದರೆ, ಆಗ ಕಂಪ್ಯೂಟರ್ ಇರಲಿಲ್ಲ, ಸೀಸದ ಅಕ್ಷರಗಳನ್ನು ಒಂದೊಂದಾಗಿ ಕೈಯಲ್ಲಿ ತೆಗೆದು ಸಾಲು ಮಾಡಬೇಕಿತ್ತು. ಕನ್ನಡಕ್ಕೆ ಒತ್ತಕ್ಷರ, ಗುಣಿತ ಎಲ್ಲ ಬೇರೆ ಬೇರೆ ಮೊಳೆ, ಹಾಗಾಗಿ ಕೇಸು, ಅಂದರೆ ಮೊಳೆ ಇಡುವ ಖಾನೆಗಳ ಪೆಟ್ಟಿಗೆ, ತುಂಬ ದೊಡ್ಡದು. ಹದಿನೆಂಟು ವರ್ಷಕ್ಕೇ ನಮ್ಮೂರಿನ ಒಂದು ಸಣ್ಣ ಪ್ರೆಸ್ಸಿಗೆ ಸೇರಿದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಅದರ ಜೊತೆಗೆ ನಾಲ್ಕು ಪುಟದ ಒಂದು ವಾರಪತ್ರಿಕೆ. ಯಜಮಾನರೇ ಸಂಪಾದಕರು, ಅವರೇ ಕರಡು ತಿದ್ದುವವರು, ಅವರೇ ಜಾಹೀರಾತಿಗೆ ಅಂಗಡಿ ಅಂಗಡಿ ತಿರುಗುವವರು.

1975ರ ಜೂನ್ 25ರ ರಾತ್ರಿ ಎಮರ್ಜೆನ್ಸಿ ಬಂತು. ಅದೇ ರಾತ್ರಿ ದೆಹಲಿಯಲ್ಲಿ ಪತ್ರಿಕೆಗಳ ಪ್ರೆಸ್ಸುಗಳಿರುವ ಬಹಾದುರ್ ಶಾ ಜಫರ್ ಮಾರ್ಗಕ್ಕೆ ಕರೆಂಟು ತೆಗೆದರು. ಮರುದಿನದಿಂದ, ಅಚ್ಚಿಗೆ ಹೋಗುವ ಮೊದಲೇ ಸುದ್ದಿಯನ್ನು ಸರ್ಕಾರಕ್ಕೆ ತೋರಿಸಬೇಕು ಎಂದಾಯಿತು. ಇದೆಲ್ಲ ನಮಗೆ ಆಗ ಗೊತ್ತಾಗಲಿಲ್ಲ. ನಮಗೆ ಗೊತ್ತಾಗಿದ್ದು ಇಷ್ಟೇ: ಇನ್ನು ಮೇಲೆ ಪ್ರೂಫ್ ಹಾಳೆಯನ್ನು ಒಂದು ಸರ್ಕಾರಿ ಕಚೇರಿಗೆ ತೆಗೆದುಕೊಂಡು ಹೋಗಬೇಕು, ಅಲ್ಲಿ ಸೀಲು ಹೊಡೆದ ಮೇಲೆ ಮೆಷಿನ್ ಓಡಿಸಬೇಕು. ಸೈಕಲ್ ತುಳಿದುಕೊಂಡು ಹೋಗುತ್ತಿದ್ದವನು ನಾನೇ.

ನಮ್ಮ ಊರಿನ ಹತ್ತಿರದ ಒಂದು ಹೈಸ್ಕೂಲಿನ ಮೇಷ್ಟ್ರನ್ನು ಪೊಲೀಸರು ಹಿಡಿದುಕೊಂಡು ಹೋದರು. ವಿಚಾರಣೆಯಿಲ್ಲದೆ ಜೈಲಿನಲ್ಲಿಡುವ ಮೀಸಾ ಕಾಯ್ದೆ. ಅವರು ಮಾಡಿದ್ದು ಒಂದು ಕರಪತ್ರ ಹಂಚಿದ್ದು. ಯಜಮಾನರು ನಾಲ್ಕೇ ನಾಲ್ಕು ಸಾಲಿನ ಸುದ್ದಿ ಬರೆದರು, ಟೀಕೆ ಇಲ್ಲ, ವಿಶೇಷಣ ಇಲ್ಲ, ಇಂಥವರನ್ನು ಇಂಥ ದಿನ ಬಂಧಿಸಲಾಗಿದೆ ಎಂದು ಅಷ್ಟೇ. ಗುರುವಾರ ರಾತ್ರಿ ಪ್ರೂಫ್ ವಾಪಸ್ ಬಂದಾಗ ಆ ನಾಲ್ಕು ಸಾಲಿನ ಮೇಲೆ ಕೆಂಪು ಪೆನ್ನಿನ ಗೀಟು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸುದ್ದಿ ತೆಗಿ, ಜಾಗ ಹಾಗೇ ಬಿಡು' ಎಂದರು. ಮೊಳೆ ಜೋಡಿಸುವವರಿಗೆ ಖಾಲಿ ಜಾಗವೂ ಒಂದು ಕೆಲಸವೇ. ಸುಮ್ನೆ ಬಿಟ್ಟರೆ ಪುಟ ಕಳಚಿಕೊಳ್ಳುತ್ತದೆ, ಅಲ್ಲಿಗೆ ಸೀಸದ ಮೋಟು ತುಂಡು, ಮರದ ಪಟ್ಟಿ ತುಂಬಿ ಬಿಗಿ ಮಾಡಬೇಕು. ನಾನು ಬಿಗಿ ಮಾಡಿದೆ. ಆ ವಾರದ ಪತ್ರಿಕೆ ಮೂರನೇ ಪುಟದಲ್ಲಿ ಎರಡು ಬೆರಳು ಅಗಲ ಬಿಳಿ ಜಾಗದೊಂದಿಗೆ ಹೊರಗೆ ಬಂತು.

ಊರಲ್ಲಿ ಎಲ್ಲರೂ ಕೇಳಿದರು. 'ಅಲ್ಲಿ ಏನಿತ್ತು ಮಾರಾಯ್ರೆ?' ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಅದೇ ಮಾತು. ಮೇಷ್ಟ್ರ ವಿಷಯ ಎರಡು ದಿನದಲ್ಲಿ ಎಲ್ಲರಿಗೂ ತಿಳಿಯಿತು, ಅಚ್ಚಾಗಿದ್ದರೆ ಬಹುಶಃ ಅಷ್ಟು ಜನ ಓದುತ್ತಿರಲಿಲ್ಲ.

ಮುಂದಿನ ವಾರ ಆ ಕಚೇರಿಯವರು ನನ್ನ ಕೈಯಲ್ಲೇ ಹೇಳಿ ಕಳಿಸಿದರು. ಸುದ್ದಿ ತೆಗೆದರೆ ಸಾಲದು, ಜಾಗವನ್ನೂ ತುಂಬಬೇಕು, ಖಾಲಿ ಬಿಡುವುದೂ ಅಪರಾಧ.

ಇದು ನಮ್ಮೂರಿನ ಒಬ್ಬ ಅಧಿಕಾರಿಯ ಬುದ್ಧಿ ಎಂದುಕೊಂಡಿದ್ದೆ. ಎಷ್ಟೋ ವರ್ಷ ಆದ ಮೇಲೆ ಗೊತ್ತಾಯಿತು, ಅದು ದೇಶಕ್ಕೆಲ್ಲ ಇದ್ದ ನಿಯಮ. ಎಮರ್ಜೆನ್ಸಿ ಬಂದ ಮೂರೇ ದಿನಕ್ಕೆ, ಜೂನ್ 28ರಂದು, ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿತ್ತು. ಆಮೇಲೆ ಸರ್ಕಾರ ಪತ್ರಿಕೆಗಳಿಗೆ ಕೊಟ್ಟ ಸೂಚನೆಯಲ್ಲಿ ಸಂಪಾದಕೀಯವನ್ನು ಖಾಲಿ ಬಿಡಬಾರದು, ಗಾಂಧಿ, ಠಾಕೂರರಂಥವರ ಹೇಳಿಕೆಗಳಿಂದಲೂ ಆ ಜಾಗ ತುಂಬಬಾರದು ಎಂದು ಸೇರಿಸಿದರು. ಸುದ್ದಿಗಿಂತ ಬಿಳಿ ಜಾಗಕ್ಕೇ ಅವರು ಜಾಸ್ತಿ ಹೆದರಿದ್ದರು. ಯಾಕೆಂದರೆ ಬಿಳಿ ಜಾಗ ನೋಡಿದವನಿಗೆ, ಇಲ್ಲಿಂದ ಏನನ್ನೋ ತೆಗೆದಿದ್ದಾರೆ ಎಂದು ಗೊತ್ತಾಗುತ್ತದೆ. ಹಾಗೆ ಗೊತ್ತಾದವನು ಹುಡುಕುತ್ತಾನೆ, ಪಕ್ಕದವನನ್ನು ಕೇಳುತ್ತಾನೆ. ಜಾಗ ತುಂಬಿಬಿಟ್ಟರೆ ಅವನು ಕೇಳುವುದೇ ಇಲ್ಲ.

ಅವತ್ತಿನಿಂದ ನಾವು ತುಂಬಿದೆವು. ತಲೆಹೊಟ್ಟಿಗೆ ಮನೆಮದ್ದು, ಮಾವಿನಮಿಡಿ ಕೆಡದ ಹಾಗೆ ಇಡುವುದು ಹೇಗೆ, ಇಂಥವು. ಇದೇ ಸಾಮಗ್ರಿಯನ್ನು ಮೊದಲೇ ಜೋಡಿಸಿ ಗ್ಯಾಲಿ ಎನ್ನುವ ತಟ್ಟೆಯಲ್ಲಿ ಇಟ್ಟುಕೊಂಡಿರುತ್ತಿದ್ದೆ, ಕೆಂಪು ಗೀಟು ಬಂದ ತಕ್ಷಣ ಅಳತೆ ನೋಡಿ ಕೂರಿಸುವುದು. ಸ್ವಲ್ಪ ದಿನ ಕಳೆದ ಮೇಲೆ ಕೆಂಪು ಗೀಟೂ ಕಡಿಮೆಯಾಯಿತು. ಯಜಮಾನರೇ ಅಂಥ ಸುದ್ದಿ ಬರೆಯುವುದನ್ನು ಬಿಟ್ಟಿದ್ದರು.

ಇದರಿಂದ ಜನರ ಅಭಿಪ್ರಾಯ ಏನಾಯಿತು ಎಂಬುದನ್ನು ನಾನು ಯಾವ ಪುಸ್ತಕ ಓದಿಯೂ ತಿಳಿದುಕೊಳ್ಳಬೇಕಾಗಿಲ್ಲ, ನನ್ನ ತಲೆಯೊಳಗೇ ಏನಾಯಿತು ಎಂದು ನೋಡಿಕೊಂಡರೆ ಸಾಕು. ನಾನು ಎಮರ್ಜೆನ್ಸಿಯನ್ನು ಒಳ್ಳೆಯದು ಎಂದೇ ನಂಬಿದ್ದೆ. ರೈಲು ಸರಿಯಾದ ಹೊತ್ತಿಗೆ ಬರುತ್ತಿದೆ, ಕಚೇರಿಯಲ್ಲಿ ಗುಮಾಸ್ತರು ಹತ್ತು ಗಂಟೆಗೇ ಕೂತಿರುತ್ತಾರೆ, ಕಳ್ಳದಾಸ್ತಾನು ಮಾಡುವವರು ಹೆದರಿದ್ದಾರೆ ಎಂದು ನಾನೇ ವಾದ ಮಾಡುತ್ತಿದ್ದೆ. ನನ್ನ ಕೈಯಿಂದಲೇ ಸುದ್ದಿ ತೆಗೆದವನು ನಾನು, ಆದರೂ ನಂಬಿದ್ದೆ. ಯಾಕೆಂದರೆ ನಮ್ಮ ಪತ್ರಿಕೆಯಿಂದ ತೆಗೆದದ್ದು ನನಗೆ ಗೊತ್ತಿತ್ತು, ಬೇರೆಯವರ ಪತ್ರಿಕೆಯಿಂದ ತೆಗೆದದ್ದು ಗೊತ್ತಿರಲಿಲ್ಲ. ನಮ್ಮ ಮೇಷ್ಟ್ರ ವಿಷಯ ಒಂದು ತಪ್ಪು, ಉಳಿದ ದೇಶವೆಲ್ಲ ಚೆನ್ನಾಗಿದೆ ಎಂದುಕೊಂಡೆ. ಪ್ರತಿ ಊರಿನಲ್ಲೂ ನನ್ನಂಥವನು ಒಬ್ಬ ಹೀಗೇ ಅಂದುಕೊಂಡಿದ್ದನೋ ಏನೋ.

ಆ ಹೊತ್ತಿಗೆ ಬೆಂಗಳೂರಿನಲ್ಲಿ ಏನಾಗುತ್ತಿತ್ತು ನೋಡಿ. ಜೂನ್ 26ರಂದೇ, ಸಂಸದೀಯ ಸಮಿತಿಯ ಸಭೆಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರನ್ನು ಅಲ್ಲೇ ಬಂಧಿಸಿ ಸೆಂಟ್ರಲ್ ಜೈಲಿಗೆ ಹಾಕಿದ್ದರು. 1976ರ ಮೇ ತಿಂಗಳಲ್ಲಿ ತಲೆಮರೆಸಿಕೊಂಡಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಮನೆಯಿಂದ ಕರೆದೊಯ್ದು ಅಣ್ಣ ಎಲ್ಲಿದ್ದಾನೆ ಹೇಳು ಎಂದು ಕ್ರೂರವಾಗಿ ಹಿಂಸಿಸಿದರು. ರಂಗಭೂಮಿಯ, ಸಿನಿಮಾದ ಹೆಸರಾಂತ ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಎಂಟು ತಿಂಗಳು ಆಸ್ತಮಾದಿಂದ ನರಳಿದರು, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಶಿವರಾಮ ಕಾರಂತರು ಎಮರ್ಜೆನ್ಸಿಯನ್ನು ವಿರೋಧಿಸಿ ಪದ್ಮಭೂಷಣವನ್ನು ವಾಪಸ್ ಮಾಡಿದ್ದರು. ಅವರಿದ್ದ ಕರಾವಳಿ ಶಿವಮೊಗ್ಗಕ್ಕೆ ಎಷ್ಟು ದೂರ? ಪ್ರೆಸ್ಸಿನಲ್ಲಿ ದಿನಾ ಕೆಲಸ ಮಾಡುವ ನನಗೆ ಅದು ಗೊತ್ತಾದದ್ದು ಎಮರ್ಜೆನ್ಸಿ ಮುಗಿದ ಮೇಲೆ. ಕಾರಂತರಂಥವರೇ ಒಪ್ಪುತ್ತಿಲ್ಲ ಎಂದು ಆವತ್ತೇ ತಿಳಿದಿದ್ದರೆ ನಾನು ಹೋಟೆಲಿನಲ್ಲಿ ಹಾಗೆ ವಾದ ಮಾಡುತ್ತಿದ್ದೆನಾ? ನನಗನ್ನಿಸುವುದು, ಇಲ್ಲ. ಒಳಗೊಳಗೇ ಅನುಮಾನ ಇದ್ದವರಿಗೆಲ್ಲ, ಹೀಗೆ ಯೋಚಿಸುವವನು ನಾನೊಬ್ಬನೇ ಇರಬೇಕು ಎಂಬ ಭಾವನೆ ಬಂದುಬಿಟ್ಟಿತ್ತು. ಒಬ್ಬನೇ ಎನ್ನಿಸಿದವನು ಬಾಯಿ ಬಿಡುವುದಿಲ್ಲ.

ಮೇಷ್ಟ್ರ ವಿಷಯ ಅಲ್ಲಿಗೇ ಮುಗಿಯಲಿಲ್ಲ. ಅದನ್ನು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಮೊದಲ ವಾರ ಬಿಳಿ ಜಾಗ ನೋಡಿ ಊರಿಗೆ ನಿಜ ತಿಳಿಯಿತು ಎಂದೆನಲ್ಲ, ಆಮೇಲೆ ಅವರ ಬಗ್ಗೆ ಒಂದು ಅಕ್ಷರವೂ ಎಲ್ಲೂ ಬರಲಿಲ್ಲ. ಎಲ್ಲಿದ್ದಾರೆ, ಯಾವಾಗ ಬಿಡುತ್ತಾರೆ, ಏನು ಆರೋಪ, ಏನೂ ಇಲ್ಲ. ನಾಲ್ಕಾರು ತಿಂಗಳಾಗುವಷ್ಟರಲ್ಲಿ ಊರು ತನ್ನದೇ ಕಥೆ ಕಟ್ಟಿತು. ಸ್ಕೂಲಿನ ಫೀಸಿನ ದುಡ್ಡು ತಿಂದಿದ್ದರಂತೆ, ಅದಕ್ಕೇ ಒಳಗೆ ಹಾಕಿದ್ದಂತೆ. ಯಾರು ಹುಟ್ಟಿಸಿದ ಮಾತೋ ದೇವರಿಗೇ ಗೊತ್ತು. ಅಲ್ಲಗಳೆಯಲು ಎದುರಿಗೆ ಒಂದು ಸುದ್ದಿ ಇರಲಿಲ್ಲ. ಅವರ ಹೆಂಡತಿ ನೀರು ಸೇದಲು ಬಾವಿಗೆ ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರಂತೆ, ಇದನ್ನು ನನಗೆ ನನ್ನ ತಾಯಿ ಹೇಳಿದ್ದು. ಮೇಷ್ಟ್ರು 1977ರಲ್ಲಿ ಹೊರಗೆ ಬಂದರು. ಆ ಮಾತು ಅವರು ಸಾಯುವವರೆಗೂ ಅವರ ಹಿಂದೆಯೇ ಇತ್ತು. ಆ ನಾಲ್ಕು ಸಾಲಿನ ಮೊಳೆಗಳನ್ನು ಬಿಚ್ಚಿ ಕೇಸಿಗೆ ವಾಪಸ್ ಹಾಕಿದ್ದು ನಾನು. ಈ ಎಪ್ಪತ್ತನೇ ವಯಸ್ಸಿನಲ್ಲೂ ಅದು ನನ್ನನ್ನು ಚುಚ್ಚುತ್ತದೆ.

ಸೆನ್ಸಾರ್ ಎಂದರೆ ಸರ್ಕಾರದ ಮೇಲಿನ ಟೀಕೆಯನ್ನು ಮುಚ್ಚುವುದು ಎಂದು ಎಲ್ಲರೂ ಹೇಳುತ್ತಾರೆ. ಟೀಕೆ ಮಾಡಿದವನ ಬಗ್ಗೆ ಸುಳ್ಳು ಬೆಳೆಯಲು ಅದು ಜಾಗ ಮಾಡಿಕೊಡುತ್ತದೆ ಎನ್ನುವುದನ್ನು ಹೇಳುವವರು ಕಡಿಮೆ. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ.

ದೊಡ್ಡ ಮಟ್ಟದಲ್ಲೂ ಅದೇ ಆಯಿತು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಜಾಸ್ತಿ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು, ಉತ್ತರ ಭಾರತದಲ್ಲಿ ಎಷ್ಟೋ ಕಡೆ ಬಲವಂತದಿಂದ. ದೆಹಲಿಯ ಟರ್ಕ್‌ಮನ್ ಗೇಟ್‌ನಲ್ಲಿ ಮನೆ ಕೆಡವಿ, ಎದುರಿಸಿದವರ ಮೇಲೆ ಗುಂಡು ಹಾರಿಸಿದರು. ಪತ್ರಿಕೆಯಲ್ಲಿ ಇದ್ಯಾವುದಕ್ಕೂ ಜಾಗ ಇರಲಿಲ್ಲ. ಸಂಸತ್ತಿನಲ್ಲಿ ವಿರೋಧ ಪಕ್ಷದವರು ಏನು ಮಾತಾಡಿದರು ಎಂದು ಬರೆಯುವ ಹಾಗಿರಲಿಲ್ಲ, ಮಾತಾಡಿದವರ ಹೆಸರು, ಪಕ್ಷ ಹಾಕಬಹುದು ಅಷ್ಟೇ. ಸಂಸತ್ತಿನ ಮಾತುಗಳನ್ನು ವರದಿ ಮಾಡುವವರಿಗೆ ರಕ್ಷಣೆ ಕೊಡುತ್ತಿದ್ದ 1956ರ ಕಾನೂನನ್ನೇ ತೆಗೆದುಹಾಕಿದರು. ಆ ಕಾನೂನು ತಂದಿದ್ದು ಫಿರೋಜ್ ಗಾಂಧಿ, ತೆಗೆದದ್ದು ಅವರ ಹೆಂಡತಿಯ ಸರ್ಕಾರ. ನಾಲ್ಕು ಸುದ್ದಿ ಸಂಸ್ಥೆಗಳನ್ನು ಸೇರಿಸಿ 'ಸಮಾಚಾರ್' ಎಂಬ ಒಂದೇ ಸಂಸ್ಥೆ ಮಾಡಿದರು. ದೇಶಕ್ಕೆಲ್ಲ ಒಂದೇ ನಲ್ಲಿಯಿಂದ ನೀರು ಬಂದ ಹಾಗೆ.

1977ರ ಮಾರ್ಚಿನಲ್ಲಿ ಚುನಾವಣೆ ಆಯಿತು. ಉತ್ತರ ಪ್ರದೇಶದ 85 ಸೀಟುಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಬರಲಿಲ್ಲ. ಅಲ್ಲಿನ ಜನಕ್ಕೆ ಪತ್ರಿಕೆ ಬೇಕಾಗಿರಲಿಲ್ಲ, ಅವರ ಮನೆಯೊಳಗೇ ನಡೆದಿತ್ತು. ನಮ್ಮ ಕರ್ನಾಟಕದಲ್ಲಿ 28ರಲ್ಲಿ 26 ಕಾಂಗ್ರೆಸ್ಸಿಗೇ ಬಂತು. ನಾನೂ ಆ ವೋಟು ಹಾಕಿದವರಲ್ಲಿ ಒಬ್ಬ. ಇದಕ್ಕೆ ಸೆನ್ಸಾರ್ ಒಂದೇ ಕಾರಣ ಎಂದು ಹೇಳಿದರೆ ಅನ್ಯಾಯವಾಗುತ್ತದೆ. ದೇವರಾಜ ಅರಸರು ಉಳುವವನಿಗೆ ಭೂಮಿ ಕೊಡಿಸುತ್ತಿದ್ದ ಕಾಲ ಅದು, ನಮ್ಮ ಕಡೆ ಗೇಣಿ ಮಾಡುತ್ತಿದ್ದ ಎಷ್ಟೋ ಮನೆಗಳಲ್ಲಿ ಮೊದಲ ಸಲ ಸ್ವಂತ ಗದ್ದೆ ಎನ್ನುವ ಮಾತು ಹುಟ್ಟಿತ್ತು. ಬಲವಂತದ ಸಂತಾನಹರಣದ ಹಿಂಸೆಯೂ ಇಲ್ಲಿ ಅಷ್ಟು ಇರಲಿಲ್ಲ. ಆದರೆ ಉತ್ತರದಲ್ಲಿ ನಮ್ಮಂಥ ಬಡವರಿಗೇ ಏನಾಯಿತು ಎಂದು ತಿಳಿದು, ಎರಡನ್ನೂ ತೂಗಿ ನೋಡಿ ಹಾಕಿದ ವೋಟಲ್ಲ ಅದು. ತಕ್ಕಡಿಯ ಒಂದು ತಟ್ಟೆಗೆ ಏನೂ ಹಾಕದೆ ತೂಗಲು ಕೊಟ್ಟಿದ್ದರು. ಇಂದಿರಾ ಗಾಂಧಿ ಅವರೇ ರಾಯ್‌ಬರೇಲಿಯಲ್ಲಿ 55 ಸಾವಿರಕ್ಕೂ ಜಾಸ್ತಿ ವೋಟಿನಿಂದ ಸೋತರಲ್ಲ, ಅವರಿಗೂ ದೇಶದ ಮನಸ್ಸು ಗೊತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ತಾನೇ ತಿದ್ದಿಸಿದ ಪತ್ರಿಕೆಯನ್ನು ತಾನೇ ಬೆಳಿಗ್ಗೆ ಓದುವವರಿಗೆ ಹೇಗೆ ಗೊತ್ತಾಗಬೇಕು?

ಈಗಿನ ವಿಷಯಕ್ಕೆ ಬರುತ್ತೇನೆ. ಇದು ಎಮರ್ಜೆನ್ಸಿ ಕಾಲ ಎಂದು ನಾನು ಹೇಳುತ್ತಿಲ್ಲ. ಈ ಪತ್ರವನ್ನು ನೀವು ಯಾರ ಸೀಲೂ ಇಲ್ಲದೆ ಅಚ್ಚು ಹಾಕಬಹುದು, ಅದು ದೊಡ್ಡ ವ್ಯತ್ಯಾಸ. ಆದರೆ ಬಿಳಿ ಜಾಗ ಬಿಡಬಾರದು ಎಂಬ ಆ ಹಳೇ ನಿಯಮ ಮಾತ್ರ ಇನ್ನೂ ಬದುಕಿದೆ.

ಇಂಟರ್‌ನೆಟ್‌ನಲ್ಲಿ ಇರುವುದನ್ನು ತಡೆಯಲು ಕೇಂದ್ರ ಸರ್ಕಾರಕ್ಕೆ ಐಟಿ ಕಾಯ್ದೆಯ 69ಎ ಸೆಕ್ಷನ್ ಇದೆ. ಅದರ ಕೆಳಗೆ 2009ರಲ್ಲಿ ಮಾಡಿದ ನಿಯಮಗಳಿವೆ. ಅವುಗಳಲ್ಲಿ 16ನೇ ನಿಯಮ, ಬಂದ ದೂರು ಮತ್ತು ತೆಗೆದುಕೊಂಡ ಕ್ರಮ ಎಲ್ಲವನ್ನೂ ಕಟ್ಟುನಿಟ್ಟಾಗಿ ಗುಟ್ಟಾಗಿಡಬೇಕು ಎನ್ನುತ್ತದೆ. ಇನ್ನೊಂದು, 8ನೇ ನಿಯಮ. ಬರೆದ 'ವ್ಯಕ್ತಿ ಅಥವಾ' ಅದನ್ನು ಇಟ್ಟುಕೊಂಡಿರುವ ಕಂಪನಿಯನ್ನು ಗುರುತಿಸಿ ನೋಟಿಸ್ ಕೊಡಬೇಕು ಎನ್ನುತ್ತದೆ. ಆ 'ಅಥವಾ' ಎಂಬ ಒಂದು ಪದದಿಂದ ಎಷ್ಟೋ ಸಲ ನೋಟಿಸ್ ಕಂಪನಿಗೆ ಮಾತ್ರ ಹೋಗುತ್ತದೆ. ಬರೆದವನಿಗೆ ತನ್ನ ಬರಹ ಯಾಕೆ ಮಾಯವಾಯಿತು ಎಂದು ತಿಳಿಯುವುದಿಲ್ಲ, ಓದುವವನಿಗೆ ಎಷ್ಟೋ ಸಲ ಮಾಯವಾದದ್ದೇ ತಿಳಿಯುವುದಿಲ್ಲ. ವರದಕ್ಷಿಣೆಯನ್ನು ಅಣಕ ಮಾಡಲು, 'ನಿಮ್ಮ ಬೆಲೆ ಎಷ್ಟು' ಎಂದು ಲೆಕ್ಕ ಹಾಕುವಂಥ ಒಂದು ಜಾಲತಾಣ ಮಾಡಿದ್ದರು. ವರದಕ್ಷಿಣೆಗೆ ಪ್ರೋತ್ಸಾಹ ಎಂದು ಅದನ್ನು 2018ರಲ್ಲಿ ಬ್ಲಾಕ್ ಮಾಡಿದರು. ಮಾಡಿದವರು ಕೋರ್ಟಿಗೆ ಹೋದರು, 2022ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ ಮೇಲೆ ಸರ್ಕಾರ ಅವರಿಗೆ ಆ ಆದೇಶದ ಪ್ರತಿ ಕೊಡಬೇಕಾಯಿತು. ತನಗೆ ಶಿಕ್ಷೆ ಕೊಟ್ಟ ಕಾಗದವನ್ನು ನೋಡಲಿಕ್ಕೇ ಒಬ್ಬ ಪ್ರಜೆಗೆ ಇಷ್ಟು ವರ್ಷ, ವಕೀಲರ ಖರ್ಚು!

ನಮ್ಮ ಬೆಂಗಳೂರಿನ ಹೈಕೋರ್ಟಿನಲ್ಲೇ ಇದರ ಎರಡು ದೊಡ್ಡ ಕೇಸು ನಡೆದವು. ಟ್ವಿಟರ್ ಕಂಪನಿ ಸರ್ಕಾರದ ತಡೆ ಆದೇಶಗಳನ್ನು ಪ್ರಶ್ನಿಸಿತ್ತು. 2023ರ ಜೂನ್ 30ರಂದು ಕೋರ್ಟು ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿತು. ಆಮೇಲೆ ಎಕ್ಸ್ ಎಂದು ಹೆಸರು ಬದಲಾದ ಅದೇ ಕಂಪನಿ 'ಸಹಯೋಗ್' ಪೋರ್ಟಲನ್ನು ಪ್ರಶ್ನಿಸಿತು. ಕೇಂದ್ರ ಗೃಹ ಇಲಾಖೆ 2024ರಲ್ಲಿ ಶುರು ಮಾಡಿದ ಈ ಪೋರ್ಟಲ್ ಮೂಲಕ ಬೇರೆ ಬೇರೆ ಇಲಾಖೆಗಳು, ಪೊಲೀಸರು ನೇರವಾಗಿ ಕಂಪನಿಗಳಿಗೆ ಇದನ್ನು ತೆಗೆಯಿರಿ ಎಂದು ನೋಟಿಸ್ ಕಳಿಸಬಹುದು. 2025ರ ಸೆಪ್ಟೆಂಬರ್ 24ರಂದು ಆ ಅರ್ಜಿಯೂ ವಜಾ ಆಯಿತು. ವಾಕ್ ಸ್ವಾತಂತ್ರ್ಯ ಕೊಡುವ 19ನೇ ವಿಧಿ ಭಾರತದ ಪ್ರಜೆಗಳಿಗೆ, ವಿದೇಶಿ ಕಂಪನಿಗೆ ಅದನ್ನು ಕೇಳುವ ಹಕ್ಕಿಲ್ಲ ಎಂದು ಕೋರ್ಟು ಹೇಳಿತು.

ನಾನು ಕಾನೂನು ಓದಿದವನಲ್ಲ. ಆ ಮಾತು ಸರಿ ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ಆದೇಶ ಬಂದಿದೆ ಎಂದು ಗೊತ್ತಿರುವ ಕಂಪನಿಗೆ ಹಕ್ಕಿಲ್ಲ. ಹಕ್ಕಿರುವ ನನಗೆ ಆ ಆದೇಶ ಯಾರದು, ಯಾಕೆ ಎಂದೇ ಗೊತ್ತಿಲ್ಲ. ಯಾರು ಹೋಗಿ ಕೇಳಬೇಕು? ಈ ಪ್ರಶ್ನೆಗೆ ನನಗೆ ಇವತ್ತಿನವರೆಗೆ ಯಾರೂ ಉತ್ತರ ಕೊಟ್ಟಿಲ್ಲ.

2025ರ ಫೆಬ್ರವರಿಯಲ್ಲಿ ಪಕ್ಕದ ತಮಿಳುನಾಡಿನಲ್ಲಿ ವಿಕಟನ್ ಪತ್ರಿಕೆಯ ಜಾಲತಾಣ ಇದ್ದಕ್ಕಿದ್ದಂತೆ ತೆರೆಯದಾಯಿತು. ಅಮೆರಿಕದಿಂದ ನಮ್ಮವರನ್ನು ಕೋಳ ಹಾಕಿ ಕಳಿಸಿದ್ದರ ಬಗ್ಗೆ ಪ್ರಧಾನಿಯವರನ್ನು ಟೀಕಿಸಿದ ಒಂದು ವ್ಯಂಗ್ಯಚಿತ್ರ ಅದಕ್ಕೆ ಕಾರಣ. ಒಂದು ಚಿತ್ರಕ್ಕಾಗಿ ಇಡೀ ಜಾಲತಾಣ. ಮದ್ರಾಸ್ ಹೈಕೋರ್ಟ್ ಮಾರ್ಚಿನಲ್ಲಿ, ಆ ಚಿತ್ರವನ್ನು ಸದ್ಯಕ್ಕೆ ತೆಗೆಯಿರಿ, ಜಾಲತಾಣದ ತಡೆ ಬಿಡಿಸಿ ಎಂದಿತು. ಅದು ಹೆಚ್ಚುಕಡಿಮೆ ನೂರು ವರ್ಷದ ಪತ್ರಿಕೆ, ಲಕ್ಷಗಟ್ಟಲೆ ಓದುಗರು, ಹಾಗಾಗಿ ಗದ್ದಲವಾಯಿತು. ಹಾವೇರಿಯಲ್ಲೋ ಕೊಪ್ಪಳದಲ್ಲೋ ಫೋನ್ ಹಿಡಿದು ಊರಿನ ಸುದ್ದಿ ಮಾಡುವ ಹುಡುಗನ ಪೇಜು ಮಾಯವಾದರೆ ಯಾರು ಕೇಳುತ್ತಾರೆ?

ತಡೆಯುವುದೇ ಬೇಡ ಎನ್ನುವ ಹಠ ನನಗಿಲ್ಲ. 2012ರ ಆಗಸ್ಟ್ ನೆನಪಿದೆಯಲ್ಲ? ಅಸ್ಸಾಮಿನ ಗಲಭೆಯ ನಂತರ ಸುಳ್ಳು ಮೆಸೇಜುಗಳು ಹರಡಿ, ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಹುಡುಗ ಹುಡುಗಿಯರು ಗುವಾಹಟಿ ರೈಲು ಹತ್ತಿದರು. ಸ್ಟೇಷನ್ನಿನಲ್ಲಿ ಟ್ರಂಕು, ಚೀಲ ಹಿಡಿದು ನಿಂತ ಆ ಮಕ್ಕಳ ಫೋಟೊ ನೋಡಿ ನಮ್ಮ ಮನೆಯಲ್ಲಿ ಅತ್ತಿದ್ದಾರೆ. ಆಗ ಸರ್ಕಾರ ದಿನಕ್ಕೆ ಐದೇ ಎಸ್ಎಂಎಸ್ ಎಂದು ಮಿತಿ ಹಾಕಿತು, 300ಕ್ಕೂ ಹೆಚ್ಚು ಜಾಲತಾಣದ ಪುಟ, ಖಾತೆಗಳನ್ನು ತಡೆಯಿತು. ಆ ಹೊತ್ತಿನಲ್ಲಿ ಏನಾದರೂ ಮಾಡಲೇಬೇಕಿತ್ತು, ಒಪ್ಪುತ್ತೇನೆ. ಆದರೆ ತಡೆದವುಗಳ ಪಟ್ಟಿ ಹೇಗೋ ಹೊರಗೆ ಬಂತು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಯವರು ಅದನ್ನು ಕೂತು ನೋಡಿದರು. ಅದರಲ್ಲಿ ಏನಿತ್ತು ಗೊತ್ತಾ? ಈ ಫೋಟೊ ಸುಳ್ಳು, ಇದು ಬೇರೆ ದೇಶದ್ದು, ನಂಬಬೇಡಿ ಎಂದು ಬರೆದವರ ಪುಟಗಳೂ ಇದ್ದವು. ಬೆಂಕಿ ಹಚ್ಚಿದವನ ಜೊತೆಗೆ ನೀರು ಹಾಕುವವನನ್ನೂ ಹಿಡಿದಿದ್ದರು. ಬೇಕೆಂದೇ ಮಾಡಿದ್ದಲ್ಲ, ಗಡಿಬಿಡಿಯಲ್ಲಿ ಆದ ತಪ್ಪು ಇರಬಹುದು. ಪಟ್ಟಿ ಸೋರಿಕೆಯಾಗದಿದ್ದರೆ ಆ ತಪ್ಪು ಇವತ್ತಿಗೂ ತಿಳಿಯುತ್ತಿರಲಿಲ್ಲ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಕಾದಾಟ ನಡೆದಾಗ 8 ಸಾವಿರಕ್ಕೂ ಹೆಚ್ಚು ಖಾತೆಗಳನ್ನು ತಡೆಯಲು ತಮಗೆ ಆದೇಶ ಬಂದಿದೆ ಎಂದು ಎಕ್ಸ್ ಕಂಪನಿಯೇ ಹೇಳಿತು. ಅದರಲ್ಲಿ ಎಷ್ಟು ಸುಳ್ಳು ಹರಡುವವರದ್ದು, ಎಷ್ಟು ಸುಮ್ನೆ ಸಿಕ್ಕಿಹಾಕಿಕೊಂಡವರದ್ದು ಎಂದು ನಾವು ಹೇಗೆ ತಿಳಿಯುವುದು? ಆ ಪಟ್ಟಿಯನ್ನು ನಮ್ಮ ಮುಂದೆ ಯಾರೂ ಇಟ್ಟಿಲ್ಲ.

ಇದು ಒಂದು ಪಕ್ಷದ ಕೆಲಸ ಎಂದು ಯಾರೂ ಬೇರೆಯವರ ಕಡೆ ಬೆರಳು ತೋರಿಸುವ ಹಾಗಿಲ್ಲ. ಎಮರ್ಜೆನ್ಸಿ ತಂದಿದ್ದು ಕಾಂಗ್ರೆಸ್, ಈ ಗುಟ್ಟಿನ ನಿಯಮ ಮಾಡಿದ್ದೂ 2009ರ ಕಾಂಗ್ರೆಸ್ ಸರ್ಕಾರವೇ, ಅದನ್ನು ಇಷ್ಟು ಜೋರಾಗಿ ಬಳಸುತ್ತಿರುವುದು ಎಮರ್ಜೆನ್ಸಿಯಲ್ಲಿ ಜೈಲಿಗೆ ಹೋದವರ ಪಕ್ಷ. ಇತ್ತ ನಮ್ಮ ರಾಜ್ಯದಲ್ಲಿ 2025ರ ಜೂನ್‌ನಲ್ಲಿ ಸುಳ್ಳು ಸುದ್ದಿ ತಡೆಯುವ ಮಸೂದೆಯ ಕರಡು ಹೊರಗೆ ಬಂತು. ಏಳು ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ, ಯಾವುದು ಸುಳ್ಳು ಎಂದು ನೋಡುವ ಪ್ರಾಧಿಕಾರಕ್ಕೆ ಮಂತ್ರಿಗಳೇ ಅಧ್ಯಕ್ಷರು. ಅದು ಬರೀ ಕರಡು ಎಂದು ಆಮೇಲೆ ಹೇಳಿದರು. ಸುಳ್ಳು ಸುದ್ದಿಯ ಮೇಲೆ ನನಗೂ ಸಿಟ್ಟಿದೆ, ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಬರುತ್ತದೆ. ಆದರೆ ಮಂತ್ರಿಯ ಮೇಲಿನ ಸುದ್ದಿ ನಿಜವೋ ಸುಳ್ಳೋ ಎಂದು ಮಂತ್ರಿಯೇ ಹೇಳುವುದು ನ್ಯಾಯವಲ್ಲ.

ಬೆಂಗಳೂರಿಗೆ ಹೋದಾಗಲೆಲ್ಲ ನಾನು ಒಮ್ಮೆ ಫ್ರೀಡಂ ಪಾರ್ಕಿಗೆ ಹೋಗಿ ಬರುತ್ತೇನೆ. ಅಡ್ವಾಣಿ, ಸ್ನೇಹಲತಾ ಇದ್ದ ಸೆಂಟ್ರಲ್ ಜೈಲೇ ಈಗಿನ ಆ ಪಾರ್ಕು. ನಗರದಲ್ಲಿ ಈಗ ಪ್ರತಿಭಟನೆ ಮಾಡುವವರೆಲ್ಲ ಅಲ್ಲಿಗೇ ಬರಬೇಕು, ಬೇರೆ ಎಲ್ಲೂ ಮಾಡುವ ಹಾಗಿಲ್ಲ. ಟ್ರಾಫಿಕ್ಕಿಗೆ ತೊಂದರೆಯಾಗುತ್ತದೆ ಎಂಬುದು ನಿಜವೇ. ಆದರೂ ಹೋದ ಸಲ ಅಲ್ಲಿ ಅಂಗನವಾಡಿ ಹೆಣ್ಣುಮಕ್ಕಳು ಬಿಸಿಲಲ್ಲಿ ಕೂತು ಘೋಷಣೆ ಕೂಗುತ್ತಿದ್ದರು, ಕೇಳುತ್ತಿದ್ದವರು ಪೊಲೀಸರು ಮತ್ತು ಕಡಲೆಕಾಯಿ ಮಾರುವವರು. ಮರುದಿನ ಪತ್ರಿಕೆಯಲ್ಲಿ ಹುಡುಕಿದೆ. ಸಿಗಲಿಲ್ಲ. ಅದನ್ನು ಯಾವ ಸರ್ಕಾರವೂ ತೆಗೆಸಿರಲಿಕ್ಕಿಲ್ಲ ಸಂಪಾದಕರೇ. ನೀವೇ ಹಾಕಲಿಲ್ಲ.

ನನ್ನ ಬೇಡಿಕೆ ಬಹಳ ಸಣ್ಣದು. ತಡೆದರೆ ತಡೆಯಲಿ, ಆದರೆ ತಡೆದ ಜಾಗದಲ್ಲಿ ಗುರುತು ಇರಲಿ. ಯಾವ ಇಲಾಖೆ, ಯಾವ ತಾರೀಖು, ಯಾವ ಸೆಕ್ಷನ್, ಒಂದು ಸಾಲಿನಲ್ಲಿ ಕಾರಣ, ಎಷ್ಟು ದಿನದವರೆಗೆ. ಬರೆದವರಿಗೆ ಆದೇಶದ ಪ್ರತಿ ಸಿಗಲಿ. ಆದೇಶಗಳು ಎಲ್ಲರೂ ನೋಡುವ ಹಾಗೆ ಒಂದು ಕಡೆ ಇರಲಿ. ಮಕ್ಕಳನ್ನು ಹಿಂಸಿಸುವ ವಿಡಿಯೊದಂಥವುಗಳ ವಿಳಾಸ ಪ್ರಕಟಿಸಿ ಎಂದು ಯಾರೂ ಕೇಳುತ್ತಿಲ್ಲ, ಅಂಥವು ಎಷ್ಟು ಎಂದು ಲೆಕ್ಕ ಕೊಟ್ಟರೂ ಸಾಕು. ಇದು ಆಗದ ಕೆಲಸವೇನೂ ಅಲ್ಲ. ಕಾಶ್ಮೀರದಲ್ಲಿ ಇಂಟರ್‌ನೆಟ್ ನಿಲ್ಲಿಸಿದ ಕೇಸಿನಲ್ಲಿ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು, ಇಲ್ಲದಿದ್ದರೆ ಜನ ಅದನ್ನು ಪ್ರಶ್ನಿಸುವುದು ಹೇಗೆ ಎಂಬ ಅರ್ಥದಲ್ಲೇ ಹೇಳಿತು. ಇಡೀ ಜಿಲ್ಲೆಯ ಇಂಟರ್‌ನೆಟ್ ನಿಲ್ಲಿಸುವ ಆದೇಶವನ್ನು ಪ್ರಕಟಿಸಬೇಕು ಎಂದ ಮೇಲೆ, ಒಂದು ಬರಹವನ್ನು ತಡೆಯುವ ಆದೇಶಕ್ಕೆ ಯಾಕೆ ಗುಟ್ಟು? ಆ ಗುಟ್ಟಿನ ನಿಯಮವನ್ನೇ ಪ್ರಶ್ನಿಸಿದ ಅರ್ಜಿಗೆ 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ನೋಟಿಸ್ ಕೊಟ್ಟಿದೆ. ನಮ್ಮ ಸಂಸದರು, ಯಾವ ಪಕ್ಷದವರೇ ಇರಲಿ, ಆ ಒಂದು ನಿಯಮದ ಬಗ್ಗೆ ಲೋಕಸಭೆಯಲ್ಲಿ ಎದ್ದು ಕೇಳಬೇಕು. ಮುಂದಿನ ಸಲ ವೋಟು ಕೇಳಲು ಮನೆಗೆ ಬಂದವರನ್ನು ನಾನಂತೂ ಕೇಳುತ್ತೇನೆ.

ನಿಮ್ಮಲ್ಲೂ ಒಂದು ಪ್ರಶ್ನೆ ಇದೆ. ನಿಮ್ಮ ಪತ್ರಿಕೆಗೆ ಜಾಲತಾಣ ಇದೆ, ಯೂಟ್ಯೂಬ್ ಚಾನೆಲ್ ಇದೆ, ಫೇಸ್‌ಬುಕ್ ಪೇಜ್ ಇದೆ. ಹೋದ ಒಂದು ವರ್ಷದಲ್ಲಿ ಅಲ್ಲಿಂದ ಎಷ್ಟು ಸುದ್ದಿ, ಎಷ್ಟು ವಿಡಿಯೊ ತೆಗೆಯಿರಿ ಎಂದು ನಿಮಗೆ ಹೇಳಿದ್ದಾರೆ? ಎಷ್ಟನ್ನು ನೀವು ತೆಗೆದಿರಿ? ಕೇಳಿದವರು ಕೇಂದ್ರದವರಾ, ರಾಜ್ಯದವರಾ, ಬರೀ ಫೋನಿನಲ್ಲಿ ಹೇಳಿದರಾ, ಕಾಗದ ಕೊಟ್ಟರಾ? ಒಂದೂ ಇಲ್ಲ ಎಂದಾದರೆ ಅದನ್ನೂ ಬರೆಯಿರಿ, ನನಗೆ ಸಂತೋಷವೇ. ಇದ್ದರೆ, ಸುದ್ದಿ ಏನಿತ್ತು ಎಂದು ಹೇಳಲು ಆಗದಿದ್ದರೂ ಪರವಾಗಿಲ್ಲ, ಇಷ್ಟು ತೆಗೆಸಿದ್ದಾರೆ ಎಂಬ ಸಂಖ್ಯೆಯನ್ನಾದರೂ ಈ ಪತ್ರದ ಕೆಳಗೆ ಅಚ್ಚು ಹಾಕಿ.

ಇತಿ,
ನಿಮ್ಮ ಹಳೆಯ ಓದುಗ, ನಿವೃತ್ತ ಕಂಪೋಸಿಟರ್
ಶಿವಮೊಗ್ಗ